ಹಸಿವಿಗೂ ಚೀಲದಲ್ಲಿ ಒಂದು ಖಾನೆ: ಡಿ ಅಂಡ್ ಡಿ ಬದಿಗಿಟ್ಟು ಮೌಸ್‌ರಿಟರ್ ಆಡಿದ ಮೇಲೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಕೆಟ್ಟ ಆಟ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ನಮ್ಮ ಭಾನುವಾರಕ್ಕೆ ಅದು ಉದ್ದವಾಯಿತು, ತಕರಾರು ಅಷ್ಟೇ. ಆಡುವವರು ನಾಲ್ಕು ಜನ, ಆಡಿಸುವವನು ನಾನು. ಕೂರುವುದು ಮುಂಬಯಿಯ ಮಾಟುಂಗಾದ ಹಳೇ ಕಟ್ಟಡವೊಂದರಲ್ಲಿರುವ ಧಾರವಾಡದ ಅಕ್ಕನ ಮನೆಯಲ್ಲಿ. ಆದರೆ ಹೊತ್ತು ಗೊತ್ತು ಮಾಡುವವನು ಕುಂದಾಪುರದ ಹುಡುಗ. ಅವನು ಸೋದರಮಾವನ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಾನೆ. ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಸಂಜೆಯ ದೋಸೆ ಶುರುವಾಗುವ ತನಕ, ಅಂದರೆ ಮೂರರಿಂದ ಐದೂವರೆ, ಅವನಿಗೆ ಬಿಡುವು. ಐದೂವರೆಗೆ ಮಾವನ ಫೋನ್ ಬಂತು ಅಂದರೆ ಡ್ರ್ಯಾಗನ್ ಬಾಯಿ ತೆರೆದು ನಿಂತಿದ್ದರೂ ಚಪ್ಪಲಿ ಮೆಟ್ಟಿಕೊಂಡು ಹೊರಡಲೇಬೇಕು.

ಈ ಎರಡೂವರೆ ಗಂಟೆಯಲ್ಲಿ ಆರು ಗಾಬ್ಲಿನ್‌ಗಳ ಜೊತೆ ಒಂದು ಸಣ್ಣ ಹೊಡೆದಾಟ ಬಂದರೆ ಮುಗಿಯಿತು, ಆವತ್ತು ಅದೇ ಆಟ. ಮೊದಲು ಯಾರ ಸರದಿ ಯಾವಾಗ ಅನ್ನುವ ಇನಿಶಿಯೇಟಿವ್, ಆಮೇಲೆ ಒಬ್ಬೊಬ್ಬರ ಆ್ಯಕ್ಷನ್, ಬೋನಸ್ ಆ್ಯಕ್ಷನ್, ಮಧ್ಯೆ ಯಾರದೋ ರಿಯಾಕ್ಷನ್. ಡೈಸ್ ಉರುಳಿಸಿದರೆ ತಾಗುವುದೇ ಇಲ್ಲ, ಮತ್ತೆ ಸುತ್ತು ಬರುವವರೆಗೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹಾಗೆ ಕಾಯಬೇಕು. ಸೊಲ್ಲಾಪುರದ ಹುಡುಗಿ ತನ್ನ ಸರದಿ ಮುಗಿಸಿ ಫೋನಿನಲ್ಲಿ ರೀಲ್ಸ್ ನೋಡಲು ಶುರು ಮಾಡಿದಾಗ ಅವಳನ್ನು ಬೈಯುವ ಮುಖವೂ ನನಗಿರಲಿಲ್ಲ. ಇನ್ನು ಶನಿವಾರ ರಾತ್ರಿ ನಾನು ನಾಲ್ಕು ಜನರ ಲೆವೆಲ್ ಕೂಡಿಸಿ, ಎಷ್ಟು ರಾಕ್ಷಸರಿದ್ದರೆ ಸರಿ ಅಂತ ತೂಕ ಹಾಕಿರುತ್ತೇನೆ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್. ಒಬ್ಬರು ಠಾಣೆಯಲ್ಲೇ ಸಿಕ್ಕಿಬಿದ್ದರೆ ನನ್ನ ತೂಕವೆಲ್ಲ ನೀರಲ್ಲಿ ಹೋಮ.

'ಡಿಎಂ (ಅಂದರೆ ಆಟ ಆಡಿಸುವವನು) ಚುರುಕಾಗಿದ್ದರೆ ಹೀಗಾಗಲ್ಲ' ಅನ್ನುವವರು ಇದ್ದೇ ಇರುತ್ತಾರೆ. ಗಡಿಯಾರ ಇಟ್ಟು ನೋಡಿದ್ದೇವೆ, ರಾಕ್ಷಸರ ಎಚ್‌ಪಿ, ಅಂದರೆ ಪೆಟ್ಟು ತಡೆಯುವ ಅಂಕ, ಅರ್ಧ ಮಾಡಿ ನೋಡಿದ್ದೇವೆ. 2023ರ ಜನವರಿಯಲ್ಲಿ ಡಿ ಅಂಡ್ ಡಿ ನಿಯಮಗಳನ್ನು ಬೇರೆಯವರು ಬಳಸುವ ಲೈಸೆನ್ಸ್ ಬಿಗಿ ಮಾಡುವ ಕರಡು ಸೋರಿ, ಗಲಾಟೆಯಾಗಿ, ಕೊನೆಗೆ ಅದರ ಕಂಪನಿ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತಲ್ಲ, ಆಗ ಬೇಕಾದಷ್ಟು ಜನ ಬೇರೆ ಆಟದ ಕಡೆ ಹೊರಳಿದರು. ನಮಗೆ ಅದರ ಬಿಸಿ ತಟ್ಟಲಿಲ್ಲ. ನಮ್ಮನ್ನು ಎಬ್ಬಿಸಿದ್ದು ಮಾವನ ಫೋನು.

ಮಧ್ಯೆ ಏನೇನೋ ಆಡಿದೆವು. ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಒಂದು ಸರದಿಗೆ ಮೂರು ಆ್ಯಕ್ಷನ್, ಲೆಕ್ಕ ಚೊಕ್ಕ, ನಿಯಮಗಳೆಲ್ಲ ಆನ್‌ಲೈನಿನಲ್ಲಿ ಪುಕ್ಕಟೆ. ಆದರೆ ಗಡಿಯಾರದ ಸಮಸ್ಯೆ ಇದ್ದಲ್ಲೇ ಇತ್ತು. 1981ರ ಕಾಲ್ ಆಫ್ ಕ್ತುಲ್ಹು ಅಕ್ಕನಿಗೆ ಬಹಳ ಹಿಡಿಸಿತು. ಪತ್ತೇದಾರಿಕೆ, ಕತ್ತಲೆ ಮನೆ, ನೋಡಬಾರದ್ದನ್ನು ನೋಡಿದರೆ ಬುದ್ಧಿ ಸ್ಥಿಮಿತದ ಅಂಕ ಇಳಿಯುವುದು, ಎಲ್ಲ ಚೆನ್ನ. ಮಟಮಟ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತು ಹೆದರುವುದು ಮಾತ್ರ ಕಷ್ಟ. ಜಾನ್ ಹಾರ್ಪರ್ ಬರೆದ ಬ್ಲೇಡ್ಸ್ ಇನ್ ದಿ ಡಾರ್ಕ್‌ನಿಂದ ಒಂದು ಅಭ್ಯಾಸ ಉಳಿಯಿತು: ಅಪಾಯ ಹತ್ತಿರವಾಗುತ್ತಿದೆ ಅಂದರೆ ಒಂದು ವೃತ್ತ ಬರೆದು, ಭಾಗ ಮಾಡಿ, ಒಂದೊಂದೇ ಭಾಗ ತುಂಬುತ್ತಾ ಹೋಗುವುದು. ಐರನ್‌ಸ್ವೋರ್ನ್ ಒಬ್ಬರೇ ಕೂತು ಆಡುವುದಕ್ಕೂ ಒದಗುತ್ತದೆ, ಪಿಡಿಎಫ್ ಪುಕ್ಕಟೆ. ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ನಾನು ಈಗಲೂ ಅದನ್ನೇ ಆಡುತ್ತೇನೆ. ಒಂದು ಆರು ಮುಖದ್ದು, ಎರಡು ಹತ್ತು ಮುಖದ್ದು, ಮೂರೂ ಡೈಸ್ ಫೋನಿನೊಳಗೇ. ಕೈ ಎತ್ತಲು ಜಾಗವಿಲ್ಲದ ಡಬ್ಬಿಯಲ್ಲಿ ಹೆಬ್ಬೆರಳು ಆಡಿದರೆ ಸಾಕು.

ಉಳಿದುಕೊಂಡದ್ದು ಮೌಸ್‌ರಿಟರ್. ಐಸಾಕ್ ವಿಲಿಯಮ್ಸ್ ಎಂಬುವರ ಆಟ. ಪಿಡಿಎಫ್‌ಗೆ ಮನಸ್ಸಿಗೆ ಬಂದಷ್ಟು ಕೊಡಬಹುದು, ಸೊನ್ನೆಯೂ ನಡೆಯುತ್ತದೆ. ನೀವೆಲ್ಲ ಇಲಿಗಳು, ಪ್ರಪಂಚ ದೊಡ್ಡದು. ಹೊಡೆತ ತಾಗಿತೋ ಇಲ್ಲವೋ ನೋಡಲು ಡೈಸ್ ಇಲ್ಲ. ಹೊಡೆದರೆ ತಾಗಿತು ಅಂತಲೇ ಲೆಕ್ಕ, ಎಷ್ಟು ಪೆಟ್ಟು ಅನ್ನುವುದಕ್ಕೆ ಮಾತ್ರ ಉರುಳಿಸಬೇಕು. ನಮ್ಮಲ್ಲಿ ಅತಿ ಉದ್ದದ ಜಗಳ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿದಿದೆ. ಮಿಕ್ಕ ನಿಯಮ ನೀವೇ ಓದಿಕೊಳ್ಳಿ, ತೆಳ್ಳನೆಯ ಪುಸ್ತಕ. ನಾನು ಬರೆಯಲು ಕೂತಿದ್ದು ಚೀಲದ ಬಗ್ಗೆ.

ಪ್ರತಿ ಇಲಿಯ ಹಾಳೆಯ ಮೇಲೆ ಹತ್ತು ಚೌಕದ ಖಾನೆ. ಎರಡು ಕೈಗೆ, ಎರಡು ಮೈಗೆ, ಆರು ಚೀಲಕ್ಕೆ. ಸೂಜಿ, ದೊಂದಿ, ಬುತ್ತಿ ಎಲ್ಲಕ್ಕೂ ಒಂದೊಂದು ಕಾಗದದ ಚೀಟಿ. ಚೀಟಿಯ ಮೇಲೆ ಮೂರು ಚುಕ್ಕಿ, ಬಳಸಿದ ಹಾಗೆ ಪೆನ್ಸಿಲಿನಿಂದ ತುಂಬಬೇಕು, ಮೂರೂ ತುಂಬಿದರೆ ಆ ವಸ್ತು ಗೋವಿಂದ. ಇಷ್ಟಾದರೆ ದೊಡ್ಡ ಮಾತಲ್ಲ. ದಿನಕ್ಕೊಂದು ಹೊತ್ತಾದರೂ ಉಣ್ಣದಿದ್ದರೆ 'ಹಸಿವು' ಅಂತ ಒಂದು ಚೀಟಿ ಬರುತ್ತದೆ, ಅದನ್ನೂ ಖಾನೆಯೊಳಗೇ ಇಡಬೇಕು. ಹೆದರಿಕೆಗೂ ಚೀಟಿ. ಗಾಯಕ್ಕೂ, ಸುಸ್ತಿಗೂ ಚೀಟಿ. ಜಾಗವಿಲ್ಲ ಅಂದರೆ ಏನಾದರೂ ಎಸೆಯಿರಿ. ಎಸೆಯುವುದಿಲ್ಲ ಅಂದರೆ ಭಾರ ಹೆಚ್ಚಾಯಿತು, ಓಡುವಂತಿಲ್ಲ.

ಪುಸ್ತಕದಲ್ಲಿರುವ ಕಾಡು, ಹಳ್ಳ ಬಿಟ್ಟು ನಾವು ಇಲಿಗಳನ್ನು ಮಾಟುಂಗಾದಲ್ಲೇ ಬಿಟ್ಟಿದ್ದೇವೆ. ಒಂದು ಉಡುಪಿ ಹೋಟೆಲಿನ ಗೋಡೌನು, ಅಲ್ಲಿಂದ ಗಟಾರದ ದಾರಿ, ಆಚೆ ಹೂವಿನ ಅಂಗಡಿಗಳ ಸಾಲು. ಗೋಡೌನಿಗೆ ಒಡೆಯ ಒಂದು ಬೆಕ್ಕು, ಹೆಸರು ಮುಕಾದಮ್. ಈ ಆಟದಲ್ಲಿ ಬೆಕ್ಕು ಅಂದರೆ ಒಂಟಿ ಇಲಿಯ ಸೂಜಿಗೆ ಬಗ್ಗುವಂಥದ್ದಲ್ಲ, ಒಂದು ದಂಡೇ ಬೇಕು. ಹಾಗಾಗಿ ಓಡಬೇಕು, ಇಲ್ಲವೇ ಕೈಮುಗಿದು ಮಾತಾಡಬೇಕು.

ಒಂದು ಭಾನುವಾರ ಕುಂದಾಪುರದ ಹುಡುಗನ ಇಲಿ, ಬೆಲ್ಲಪ್ಪ ಅಂತ ಹೆಸರು, ಗೋಡೌನಿನ ಮೂಲೆಯಿಂದ ಬೆಲ್ಲದ ತುಂಡೊಂದನ್ನು ಎಗರಿಸಿಕೊಂಡು ಬಂತು. ಬೆಲ್ಲಕ್ಕೆ ಎರಡು ಖಾನೆ. ದೊಂದಿ, ಹಗ್ಗ, ಸೂಜಿ ಎಲ್ಲ ಸೇರಿ ಚೀಲ ಭರ್ತಿ. ಬುತ್ತಿಯ ಚುಕ್ಕಿ ಹಿಂದಿನ ದಿನವೇ ತುಂಬಿ ಹೋಗಿತ್ತು. ನಾನು ಹಸಿವಿನ ಚೀಟಿ ತೆಗೆದು ಅವನ ಮುಂದೆ ಇಟ್ಟೆ. ಅವನು ಅದನ್ನು ಹಾಳೆಯ ಅಂಚಿಗೆ ತಳ್ಳಿದ, ನಾನು ಮತ್ತೆ ಒಳಗೆ ಸರಿಸಿದೆ. 'ಅಣ್ಣಾ, ಹಸಿವು ಇಡುಕೆ ಜಾಗ ಇಲ್ಲೆ ಮಾರಾಯ್ರೆ!' ದೊಂದಿ ಎಸೆದರೆ ಗಟಾರದಲ್ಲಿ ಕತ್ತಲೆ. ಹಗ್ಗ ಎಸೆದರೆ ಕೆಳಗಿಳಿಯುವ ದಾರಿಯಿಲ್ಲ. ಬೆಲ್ಲವನ್ನೇ ತಿಂದುಬಿಟ್ಟರೆ ಹಸಿವೂ ಹೋಗುತ್ತದೆ, ಖಾನೆಯೂ ಖಾಲಿ, ಆದರೆ ಈ ಆಟದಲ್ಲಿ ಸಂಪತ್ತು ಮನೆಗೆ ಮುಟ್ಟಿಸಿದರೆ ಮಾತ್ರ ಲೆವೆಲ್ ಏರಿಸುವ ಅಂಕ, ಎಕ್ಸ್‌ಪಿ. ದಿನವಿಡೀ ಜನರಿಗೆ ಊಟದ ಬಿಲ್ಲು ಕೊಡುವ ಹುಡುಗ ಆ ಪುಟ್ಟ ಚೀಟಿಯನ್ನು ದಿಟ್ಟಿಸುತ್ತಾ ಕೂತಿದ್ದ. ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿ, 'ತಮ್ಮಾ, ಆ ಬೆಕ್ಕಿನ ಮೂಗು ಯಾ ಕಡೆ ಅದ? ಇಂಗಿನ ಡಬ್ಬಿ ಮುಚ್ಚಳ ಸಡ್ಲ ಅದ ಏನ್?' ಅಂದರು.

ಇಂಗಿನ ಡಬ್ಬಿ ಇದೆ ಅಂತ ನಾನು ಹೇಳಿಯೇ ಇರಲಿಲ್ಲ. ಉಡುಪಿ ಹೋಟೆಲಿನ ಗೋಡೌನಿನಲ್ಲಿ ಇಂಗು ಇಲ್ಲದೆ ಇರುತ್ತದೆಯೇ? ಇತ್ತು, ಮುಚ್ಚಳವೂ ಸಡಿಲವಿತ್ತು. ಡಿ ಅಂಡ್ ಡಿ ಆಡುವಾಗ ಇದೇ ಅಕ್ಕ ಕಷ್ಟ ಬಂದ ತಕ್ಷಣ ತಮ್ಮ ಕ್ಯಾರೆಕ್ಟರ್ ಶೀಟ್ ಕಡೆ ಬಗ್ಗುತ್ತಿದ್ದರು, ಯಾವ ಶಕ್ತಿ ಉಳಿದಿದೆ ಅಂತ ಹುಡುಕಲು. ಇಲ್ಲಿ ಹಾಳೆಯ ಮೇಲೆ ಹುಡುಕಲು ಏನೂ ಇಲ್ಲ, ಅದಕ್ಕೇ ಕಣ್ಣು ಮೇಲೆ ಬರುತ್ತದೆ. ಇಷ್ಟು ವರ್ಷ ಆಡಿಸಿದ್ದರಲ್ಲಿ ನನಗೆ ಸಿಕ್ಕ ದೊಡ್ಡ ಖುಷಿ ಇದು.

ಚೀಟಿ ಕತ್ತರಿಸುವುದು ಈಗ ನನ್ನ ಶುಕ್ರವಾರ ರಾತ್ರಿಯ ಕೆಲಸ. ಊಟವಾದ ಮೇಲೆ ನೆಲದ ಮೇಲೆ ಹಳೇ ಪೇಪರ್ ಹಾಸಿ, ದಪ್ಪ ಕಾಗದದ ಪ್ರಿಂಟ್ ಇಟ್ಟುಕೊಂಡು ಕೂರುತ್ತೇನೆ. ಮೊದಲು ಅಡ್ಡ ಪಟ್ಟಿಗಳು, ಆಮೇಲೆ ಚೌಕಗಳು. ಪುಸ್ತಕದಲ್ಲಿಲ್ಲದ ಕೊಬ್ಬರಿ ಚೂರು, ಊದುಬತ್ತಿ ಕಡ್ಡಿ, ಹರಿದ ಮಾಸಿಕ ಪಾಸು, ಇವನ್ನು ನಾನೇ ಕೈಯಲ್ಲಿ ಬರೆಯುತ್ತೇನೆ. ಮಳೆಗಾಲದಲ್ಲಿ ಡೊಂಬಿವಲಿಯ ತೇವಕ್ಕೆ ಕಾಗದ ಹಪ್ಪಳದಂತೆ ಮುದುಡಿಕೊಳ್ಳುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಪೆನ್ಸಿಲ್ ಹತ್ತುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಕೂಡ. ಕೊನೆಗೆ ಸರಿಹೋದದ್ದು ಹಿಂಬದಿಗೆ ಮಾತ್ರ ಪಾರದರ್ಶಕ ಟೇಪ್ ಹಚ್ಚಿ, ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿ ಇಡುವುದು. ಹಸಿವಿನ ಚೀಟಿಯೊಂದು ಆಗಾಗ ಕಾಣೆಯಾಗುತ್ತದೆ. ಅಡುಗೆ ತಡವಾದ ದಿನ ಮಗಳು ಅದನ್ನು ಅಮ್ಮನ ಗ್ಯಾಸ್ ಕಟ್ಟೆಯ ಮೇಲೆ ಇಟ್ಟಿರುತ್ತಾಳೆ. ಒಂದು ಸಲ ಅದಕ್ಕೆ ಉತ್ತರವಾಗಿ ಮನೆಯವಳು 'ಸುಸ್ತು' ಚೀಟಿ ತಂದು ಟಿವಿ ಮುಂದೆ ಇಟ್ಟಳು.

ಇಷ್ಟು ಹೊಗಳಿದ ಮೇಲೆ ಹುಳುಕೂ ಹೇಳಬೇಕು. ಮೊದಲಿನ ಕೆಲವು ತಿಂಗಳ ಅಮಲು ಇಳಿದ ಮೇಲೆ ಅದು ಕಾಣತೊಡಗಿತು.

ನಮ್ಮ ನಾಲ್ಕನೇ ಆಟಗಾರರು ಕಾರವಾರದವರು, ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾರೆ. ಡಿ ಅಂಡ್ ಡಿಯಲ್ಲಿ ಅವರದೊಬ್ಬ ಮಾಂತ್ರಿಕನಿದ್ದ, ಒಂದೊಂದು ಲೆವೆಲ್‌ಗೂ ಹೊಸ ಮಂತ್ರ ಕಲಿತು ಬೆಳೆದವನು. ಇಲ್ಲಿ ಲೆವೆಲ್ ಏರಿದರೆ ಸ್ವಲ್ಪ ಎಚ್‌ಪಿ ಹೆಚ್ಚುತ್ತದೆ, ಅದೃಷ್ಟ ಇದ್ದರೆ ಬಲವೋ ಚುರುಕೋ ಒಂದಂಕಿ ಏರುತ್ತದೆ, ಒಂದೆರಡು ಚೀಟಿಯ ಕಾಟ ತಡೆದುಕೊಳ್ಳುವ ಗಟ್ಟಿತನ ಬರುತ್ತದೆ. 'ವಾರವಿಡೀ ಲೆಕ್ಕ ಇಡ್ತೇನೆ, ಭಾನುವಾರವೂ ಚೀಲದ ಲೆಕ್ಕವೇ?' ಅಂತ ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಅವರು ಅಂಧೇರಿಯಲ್ಲಿ ಇನ್ನೊಂದು ಡಿ ಅಂಡ್ ಡಿ ಗುಂಪು ಸೇರಿದ್ದಾರೆ, ನಮ್ಮಲ್ಲಿಗೂ ಬರುತ್ತಾರೆ, ಆದರೆ ಮೊದಲಿನ ಉತ್ಸಾಹ ಇಲ್ಲ.

ಸಾವಿನದು ಎರಡನೇ ತಕರಾರು. ಎಚ್‌ಪಿ ಮುಗಿದ ಮೇಲೆ ಪೆಟ್ಟು ನೇರ ಬಲಕ್ಕೇ ಬೀಳುತ್ತದೆ, ಬಲ ಸೊನ್ನೆಯಾದರೆ ಕತೆ ಮುಗಿಯಿತು. ಸೊಲ್ಲಾಪುರದ ಹುಡುಗಿಯ ಸಾಸಿವೆ ಅನ್ನುವ ಇಲಿ ಒಂದು ಶತಪದಿಗೆ ಸಿಕ್ಕಿ ಸತ್ತಿತು. ಹೊಸ ಇಲಿ ಮಾಡಲು ಐದು ನಿಮಿಷ ಸಾಕು, ಪುಸ್ತಕ ಇದನ್ನು ಅನುಕೂಲ ಅಂತ ಕೊಟ್ಟಿದೆ. ಅವಳಿಗೆ ಅದೇ ಸಿಟ್ಟು. ಎರಡು ವಾರ ಡೈಸ್ ಮುಟ್ಟಲಿಲ್ಲ. ಕೊನೆಗೆ ಸಾಸಿವೆ ಕೂಲಿಗೆ ಇಟ್ಟುಕೊಂಡಿದ್ದ ದೊಂದಿ ಹಿಡಿಯುವ ಇಲಿಯನ್ನೇ ಅವಳ ಪಾತ್ರ ಮಾಡಿಕೊಂಡೆವು, ಒಡತಿಯ ಸೂಜಿ ಅದರ ಕೈಗೆ ಬಂತು. ಆಮೇಲೆ ಸರಿಹೋಯಿತು. ನಿಮ್ಮ ಗುಂಪಿನಲ್ಲಿ ಪಾತ್ರವನ್ನು ಹಚ್ಚಿಕೊಳ್ಳುವವರು ಇದ್ದರೆ ಮೊದಲ ದಿನವೇ ಒಂದು ಕೂಲಿ ಇಲಿ ಕೊಡಿಸಿಬಿಡಿ.

ಮುಕಾದಮ್ ಕೂಡ ಹಳಸಿದ. ಗೆಲ್ಲಲಾಗದ ಬೆಕ್ಕಿನಿಂದ ಎಷ್ಟು ಸಲ ಅಂತ ಓಡುವುದು? ಬ್ಲೇಡ್ಸ್‌ನ ವೃತ್ತ ಇಲ್ಲಿ ಉಪಯೋಗಕ್ಕೆ ಬಂತು. ಹೂವಿನವರ ಸಾಲಿನ ಇಲಿಗಳು, ಗಟಾರದವು, ಹೋಟೆಲಿನವು ಒಟ್ಟಾಗಿ ದಂಡು ಕಟ್ಟುವ ಕೆಲಸಕ್ಕೆ ಎಂಟು ಭಾಗದ ವೃತ್ತ ಬರೆದು ಗೋಡೆಗೆ ಅಂಟಿಸಿದ್ದೇವೆ. ಇನ್ನೂ ಅರ್ಧ ತುಂಬಿಲ್ಲ. ಅಕ್ಕ ಯುದ್ಧವೇ ಬೇಡ, ಬೆಕ್ಕಿಗೆ ದಿನಾ ಮೀನಿನ ತಲೆ ಮುಟ್ಟಿಸುವ ಒಪ್ಪಂದ ಮಾಡಿಕೊಳ್ಳೋಣ ಅನ್ನುತ್ತಿದ್ದಾರೆ. ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಮೀನಿನ ತಲೆ ಎಲ್ಲಿಂದ ತರುವುದು ಅನ್ನುವುದೇ ಮುಂದಿನ ಭಾನುವಾರದ ಆಟ.

ಕೊನೆಗೆ ತೀರ್ಪು. ಡಿ ಅಂಡ್ ಡಿಯ ಮೂರು ದಪ್ಪ ಪುಸ್ತಕಗಳನ್ನು ನಾನು ಮಾರಿಲ್ಲ. ಕಾರವಾರದವರ ಮಾಂತ್ರಿಕ ಉದ್ದ ರಜೆ ಸಿಕ್ಕಾಗ ಎದ್ದು ಬರುತ್ತಾನೆ, ಆಗ ಇಡೀ ದಿನ ಹೊಡೆದಾಡುತ್ತೇವೆ, ಅದರ ರುಚಿಯೇ ಬೇರೆ. ಎರಡೂವರೆ ಗಂಟೆಯ ಮಧ್ಯಾಹ್ನಕ್ಕೆ, ಯಾರು ಬರುತ್ತಾರೋ ಗೊತ್ತಿಲ್ಲದ ಮೇಜಿಗೆ, ಐದು ನಕ್ಷತ್ರದಲ್ಲಿ ಇಲಿಗೆ ನಾಲ್ಕು. ವರ್ಷಗಟ್ಟಲೆ ಒಂದೇ ಪಾತ್ರ ಬೆಳೆಸುವ ಆಸೆಯಿದ್ದರೆ ಎರಡು.

ತೆಗೆದುಕೊಳ್ಳುವವರಿಗೆ ಒಂದು ಸೂಚನೆ. ಝೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್ ಕೊಟ್ಟರೆ ಅವರು ಕೇಳದೆಯೇ 'ಫಿಟ್ ಟು ಪೇಜ್' ಒತ್ತಿಬಿಡುತ್ತಾರೆ. ಹಾಳೆಯ ಖಾನೆಗೂ ಚೀಟಿಗೂ ಅಳತೆ ತಾಳೆಯಾಗುವುದಿಲ್ಲ. 'ಆ್ಯಕ್ಚುಯಲ್ ಸೈಜ್, ನೂರು ಪರ್ಸೆಂಟ್' ಅಂತ ಎದುರು ನಿಂತು ಹೇಳಿ, ಮೊದಲು ಒಂದೇ ಪುಟ ತೆಗೆಸಿ ನೋಡಿ. ಹಸಿವಿನ ಪುಟ ಎರಡು ಪ್ರತಿ ಇರಲಿ.