ಹೊಟ್ಟೆ ಬಂತು ಅಂತ ಖುಷಿಪಟ್ಟೆವು: ನಮ್ಮ ಗುಂಡನ ವಿಷಯದಲ್ಲಿ ಆದ ತಪ್ಪು

ಮನೆಯಲ್ಲಿ ಎರಡು ವರ್ಷದೊಳಗಿನ ಬೆಕ್ಕಿದೆಯಾ? ಅದಕ್ಕೆ ವಾರವಾದರೂ ಜ್ವರ ಬಿಟ್ಟಿಲ್ವಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಇಪ್ಪತ್ತೆರಡು ದಿನ ಕಳೆದುಕೊಂಡೆವು. ಗುಂಡನಿಗೆ ಬಂದಿದ್ದು ಎಫ್ಐಪಿ (ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್) ಅನ್ನೋ ಬೆಕ್ಕಿನ ವೈರಸ್ ಕಾಯಿಲೆ ಇರಬೇಕು ಅಂತ ಅಷ್ಟು ದಿನ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನಾವೂ ಗಟ್ಟಿಯಾಗಿ ಕೇಳಲಿಲ್ಲ.

ಗುಂಡ ಕೇಸರಿ ಬಣ್ಣದ ಗಂಡುಬೆಕ್ಕು. ಮಳೆಗೆ ಹೆದರಿ ನಮ್ಮ ಸ್ಕೂಟರ್ ಚಕ್ರದ ಸಂದಿಯಲ್ಲಿ ಸೇರಿಕೊಂಡಿದ್ದ ಮರಿ. ಕಡ್ಡಿಯಂತಿದ್ದ ಅವನಿಗೆ ಅಮ್ಮ ತಮಾಷೆಗೆ ಗುಂಡ ಅಂತ ಹೆಸರಿಟ್ಟರು. ಏಳು ತಿಂಗಳಾದಾಗ ಸಂತಾನಹರಣ ಆಪರೇಷನ್ ಮಾಡಿಸಿದೆವು. ಅದಾಗಿ ಹತ್ತು ದಿನಕ್ಕೆ ಮಂಕಾದ. ಮೀನಿನ ಗಾಡಿಯ ಹಾರ್ನ್ ಕೇಳಿದರೆ ಗೇಟಿನ ತನಕ ಓಡುತ್ತಿದ್ದವನು, ಅವತ್ತು ಕಿವಿ ಮಾತ್ರ ಆ ಕಡೆ ತಿರುಗಿಸಿ ಸುಮ್ನೆ ಮಲಗಿದ.

ತುಮಕೂರಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಜ್ವರ 104 ಡಿಗ್ರಿ ಇತ್ತು. ಬೆಕ್ಕಿಗೆ 102.5ರ ತನಕ ಮಾಮೂಲಿ, ಅದರ ಮೇಲೆ ಹೋದರೆ ಜ್ವರ. ಐದು ದಿನ ಆಂಟಿಬಯಾಟಿಕ್ ಇಂಜೆಕ್ಷನ್ ಆಯ್ತು. ಇವತ್ತು ಇಳಿದ ಜ್ವರ ನಾಳೆ ಮತ್ತೆ ಏರುತ್ತಿತ್ತು. ಆರನೇ ದಿನ ಬೇರೊಂದು ಇಂಜೆಕ್ಷನ್ ಕೊಟ್ಟರು. ಅವತ್ತು ರಾತ್ರಿ ಗುಂಡ ಎದ್ದು ಬಂದು ತಟ್ಟೆ ಖಾಲಿ ಮಾಡಿದ! ಅಮ್ಮ ದೇವರಿಗೆ ಎಕ್ಸ್ಟ್ರಾ ದೀಪ ಹಚ್ಚಿದರು. ಎರಡು ದಿನ ಕಳೆದ ಮೇಲೆ ಮತ್ತೆ ಅದೇ ಕಥೆ.

ಅದು ಸ್ಟೆರಾಯ್ಡ್ ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಯಾವ ಕಾಯಿಲೆಯೇ ಇರಲಿ, ಸ್ಟೆರಾಯ್ಡ್ ಕೊಟ್ಟರೆ ಒಂದೆರಡು ದಿನ ಹಸಿವು ಬಂದು ಗೆಲುವಾಗಿ ಕಾಣಬಹುದು. ಒಳಗಿನ ಕಾಯಿಲೆ ಇದ್ದ ಹಾಗೇ ಇರುತ್ತದೆ. ನಾವು ಚೀಟಿ ಕೇಳಿರಲಿಲ್ಲ, ಇಂಜೆಕ್ಷನ್ ಹೆಸರೂ ಕೇಳಿರಲಿಲ್ಲ. ಎರಡನೇ ಕ್ಲಿನಿಕ್‌ನಲ್ಲಿ "ಇಲ್ಲಿ ತನಕ ಏನು ಕೊಟ್ಟಿದ್ದಾರೆ?" ಅಂದಾಗ ನಾನು "ಬಿಳಿ ಬಣ್ಣದ್ದು ಸರ್" ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ವೈರಲ್ ಇರಬೇಕು ಅಂತ ಹೇಳಿ ಇನ್ನೊಂದು ಆಂಟಿಬಯಾಟಿಕ್ ಬರೆದರು. ಬ್ಲಡ್ ಟೆಸ್ಟ್ ಮಾಡಿಸೋದಾ ಅಂತ ನಾನೇ ಒಮ್ಮೆ ಬಾಯಿಬಿಟ್ಟೆ. "ಇಷ್ಟು ಚಿಕ್ಕ ಬೆಕ್ಕಿಗೆ ಯಾಕೆ ಚುಚ್ಚೋದು, ನೋಡೋಣ ಬಿಡಿ" ಅಂದರು. ನಾನೂ ಬಿಟ್ಟೆ. ಮನೆಯಲ್ಲಿ ಅಪ್ಪನದು ಬೇರೆ, "ಬೆಕ್ಕಿಗೆ ಬ್ಲಡ್ ಟೆಸ್ಟಾ?"

ಈ ಮಧ್ಯೆ ಪಕ್ಕದ ಮನೆ ಆಂಟಿ ಮಕ್ಕಳ ಜ್ವರದ ಸಿರಪ್ ತಂದುಕೊಟ್ಟರು, ನಾಲ್ಕು ಹನಿ ಹಾಕು ಸಾಕು ಅಂತ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಪುಣ್ಯಕ್ಕೆ ಹಾಕೋ ಮುಂಚೆ ಕ್ಲಿನಿಕ್‌ಗೆ ಫೋನ್ ಮಾಡಿದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಆಮ್ಲಜನಕ ಸಾಗಿಸೋದನ್ನೇ ನಿಲ್ಲಿಸುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ಮಾತ್ರೆ, ಕಾಲು ಮಾತ್ರೆ, ಸಿರಪ್ಪು, ಯಾವುದೂ ಬೇಡ.

ಮೂರನೇ ವಾರಕ್ಕೆ ಗುಂಡನಿಗೆ ಹೊಟ್ಟೆ ಬಂತು. ನಾನು ಈ ಬರಹ ಬರೆಯುತ್ತಿರುವುದೇ ಈ ಒಂದು ವಿಷಯಕ್ಕೆ. "ಅಂತೂ ಹೆಸರಿಗೆ ತಕ್ಕ ಹಾಗಾದ ನೋಡು" ಅಂತ ಅಮ್ಮ ನಕ್ಕರು. ನಾವೆಲ್ಲ ಫೋಟೋ ತೆಗೆದೆವು. ಅಡುಗೆಮನೆ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ತೂಗಿದರೆ 2.5 ಕೆಜಿ. ಆಪರೇಷನ್ ದಿನ 2.4 ಇತ್ತು. ಮೈ ತುಂಬಿಕೊಳ್ಳುತ್ತಿದ್ದಾನೆ ಅಂದುಕೊಂಡೆವು. ಆದರೆ ಬೆನ್ನ ಮೇಲೆ ಕೈ ಆಡಿಸಿದಾಗ ಮೂಳೆ ಒಂದೊಂದಾಗಿ ಬೆರಳಿಗೆ ಸಿಗುತ್ತಿತ್ತು, ಪೋಣಿಸಿದ ಮಣಿಯ ಹಾಗೆ. ಬೆನ್ನು ಬಡಕಲು, ಹೊಟ್ಟೆ ದುಂಡಗೆ. ಮಾಂಸ ಕರಗಿ ನೀರು ತುಂಬಿಕೊಂಡಿತ್ತು. ತಕ್ಕಡಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಫೋಟೋ ನೋಡಿದ ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿ ಬೈದಳು. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕರ್ಕೊಂಡ್ ಬಾ."

ಬೆಂಗಳೂರಿನ ಡಾಕ್ಟರಮ್ಮ ಮೊದಲು ಹೊಟ್ಟೆ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಸ್ವಲ್ಪ ನೀರು ತೆಗೆದರು. ಹಳದಿ ಬಣ್ಣ, ಬೆರಳ ಮಧ್ಯೆ ಎಳೆದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ಒಂದು ಗಾಜಿನ ಕೊಳವೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಅದಕ್ಕೆ ಒಂದು ಹನಿ ಅಸಿಟಿಕ್ ಆಸಿಡ್ ಬೆರೆಸಿ, ಮೇಲಿನಿಂದ ಈ ನೀರನ್ನು ಒಂದು ಹನಿ ಬಿಟ್ಟರು. ಹನಿ ಕರಗಲಿಲ್ಲ. ಬೆಂದ ಸಬ್ಬಕ್ಕಿ ಕಾಳಿನ ಹಾಗೆ ಗುಂಡಗೆ ನಿಂತು, ನಿಧಾನಕ್ಕೆ ಕೆಳಗಿಳಿಯಿತು. ಇದಕ್ಕೆ ರಿವಾಲ್ಟಾ ಟೆಸ್ಟ್ ಅಂತಾರೆ. ಹನಿ ಕರಗಿಬಿಟ್ಟರೆ ಎಫ್ಐಪಿ ಅಲ್ಲ ಅಂತ ಬಹುಮಟ್ಟಿಗೆ ಹೇಳಬಹುದಂತೆ. ಹೀಗೆ ನಿಂತರೆ ಅನುಮಾನ ಜಾಸ್ತಿ. ಇಷ್ಟಕ್ಕೆ ಹಿಡಿದಿದ್ದು ಐದು ನಿಮಿಷ. ಇದಕ್ಕೆ ದೊಡ್ಡ ಮಷಿನ್ನೂ ಬೇಕಿಲ್ಲ.

ಬ್ಲಡ್ ರಿಪೋರ್ಟ್ ಸಂಜೆಗೆ ಬಂತು. ರಕ್ತದಲ್ಲಿರೋ ಎರಡು ಬಗೆಯ ಪ್ರೋಟೀನ್‌ಗಳ ಲೆಕ್ಕ ಅದರಲ್ಲಿತ್ತು: ಆಲ್ಬುಮಿನ್ 2.1, ಗ್ಲೋಬುಲಿನ್ 5.9. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.36. ಈ ಲೆಕ್ಕ 0.4ಕ್ಕಿಂತ ಕೆಳಗಿದ್ದರೆ ಎಫ್ಐಪಿ ಇರೋ ಸಾಧ್ಯತೆ ಹೆಚ್ಚು, 0.8 ದಾಟಿದರೆ ತೀರಾ ಕಡಿಮೆ. ಮೊದಲ ವಾರವೇ ಈ ಟೆಸ್ಟ್ ಮಾಡಿಸಿದ್ದರೆ ಸುಳಿವಾದರೂ ಸಿಗುತ್ತಿತ್ತೇನೋ. ನಮಗಾದ ಖರ್ಚು ಸಾವಿರದ ಆರುನೂರು ರೂಪಾಯಿ. ಅಲ್ಲಿವರೆಗೆ ಇಂಜೆಕ್ಷನ್‌ಗಳಿಗೇ ಅದರ ಮೂರು ಪಟ್ಟು ಸುರಿದಿದ್ದೆವು.

ಡಾಕ್ಟರಮ್ಮ ವಿವರಿಸಿದ್ದು ಹೀಗೆ. ಬೆಕ್ಕುಗಳಲ್ಲಿ ಅವುಗಳದೇ ಒಂದು ಕೊರೊನಾ ವೈರಸ್ ಇರುತ್ತದೆ. ಇದಕ್ಕೂ ಕೋವಿಡ್‌ಗೂ ಸಂಬಂಧವಿಲ್ಲ. ಹೆಚ್ಚಿನ ಬೆಕ್ಕುಗಳಿಗೆ ಅದರಿಂದ ಒಂದೆರಡು ದಿನ ಭೇದಿಯಾಗಬಹುದು, ಅಷ್ಟೇ. ಕೆಲವು ಬೆಕ್ಕುಗಳ ಮೈಯೊಳಗೆ ಮಾತ್ರ ಅದು ರೂಪ ಬದಲಿಸಿ ಎಫ್ಐಪಿ ಆಗುತ್ತದೆ. ಆಪರೇಷನ್, ಮನೆ ಬದಲಾವಣೆಯಂಥ ಒತ್ತಡದ ಹಿಂದೆ ಹೀಗಾಗುವುದುಂಟು. ಹಾಗಂತ ಆಪರೇಷನ್ ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಮಾಡಿಸಿ.

ಹಿಂದೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ, ಈಗ ಇದೆ. ಜಿಎಸ್-441524 ಅಂತ ಅದರ ಹೆಸರು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ರೆಮ್ಡೆಸಿವಿರ್ ಮೈಯೊಳಗೆ ಹೋದರೆ ಇದೇ ಆಗುತ್ತದೆ. ವಾಡಿಕೆಯ ಕೋರ್ಸ್ 84 ದಿನ. ತೂಕಕ್ಕೆ ತಕ್ಕ ಡೋಸ್. ತೂಕ ಹೆಚ್ಚಿದ ಹಾಗೆ ಡೋಸೂ ಹೆಚ್ಚಬೇಕು. ಗುಂಡನಿಗೆ ಅವತ್ತೇ ರೆಮ್ಡೆಸಿವಿರ್ ಶುರು ಮಾಡಿ, ಮುಂದಿನ ದಿನಗಳಿಗೆ ಜಿಎಸ್ ಮಾತ್ರೆ ತರಿಸಲು ಹೇಳಿದರು. ಹೀಗೆ ಮಾತ್ರೆ ಹುಡುಕುವಾಗ ಒಬ್ಬ ವಾಟ್ಸಾಪ್‌ನಲ್ಲಿ ಲೇಬಲ್ಲೇ ಇಲ್ಲದ ಬಾಟಲಿಯ ಫೋಟೋ ಕಳಿಸಿ, ಮೊದಲು ದುಡ್ಡು ಹಾಕಿ ಅಂದ. ಗಾಬರಿಯಲ್ಲಿ ಹಾಕಿಯೂ ಬಿಡುತ್ತಿದ್ದೆ, ಅಕ್ಕ ತಡೆದಳು. ಡಾಕ್ಟರ್ ಮೂಲಕವೇ ತರಿಸಿ.

ಅವತ್ತು ರಾತ್ರಿ ನಿದ್ದೆ ಬರದೆ ಓದುತ್ತಾ ಕೂತಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಪಶುವೈದ್ಯ ನೀಲ್ಸ್ ಪೆಡರ್ಸನ್ ಅವರ ತಂಡ ಈ ಜಿಎಸ್ ಮದ್ದನ್ನು 31 ಬೆಕ್ಕುಗಳಿಗೆ ಕೊಟ್ಟು 2019ರಲ್ಲಿ ವರದಿ ಪ್ರಕಟಿಸಿತ್ತು. 26 ಬೆಕ್ಕುಗಳು 12 ವಾರದ ಕೋರ್ಸ್ ಮುಗಿಸಿದ್ದವು. ಉಳಿದ ಐದರಲ್ಲಿ ನಾಲ್ಕು ಮೊದಲ ಐದು ದಿನದೊಳಗೇ, ಇನ್ನೊಂದು 26 ದಿನದ ಮೇಲೆ ಹೋಗಿದ್ದವು. 26ನ್ನು ಬಿಟ್ಟು ನಾನು ಆ ಐದನ್ನೇ ಮತ್ತೆ ಮತ್ತೆ ಓದಿದೆ.

ಗುಂಡನಿಗೆ ನಾಲ್ಕು ಇಂಜೆಕ್ಷನ್ ಆಯ್ತು. ಮೂರನೆಯದಕ್ಕೆ ಜ್ವರ ಬಿಟ್ಟಿತ್ತು, 101.8. ಆದರೆ ಅಷ್ಟರಲ್ಲಿ ಕಣ್ಣು, ಕಿವಿಯ ಒಳಗೆಲ್ಲ ಅರಿಶಿನ ಬಳಿದ ಹಾಗೆ ಆಗಿತ್ತು. ಐದನೇ ದಿನ ಬೆಳಗಿನ ಜಾವ ಅಮ್ಮನ ಹಳೇ ಸೀರೆಯ ಮೇಲೆ ಹೋಗಿಬಿಟ್ಟ. ಖಚಿತವಾಗಿ ಎಫ್ಐಪಿಯೇನಾ ಅಂತ ಕೇಳಿದೆ. "ತೊಂಬತ್ತು ಭಾಗ ಹೌದು" ಅಂದರು ಡಾಕ್ಟರಮ್ಮ. ಉಳಿದ ಹತ್ತು ಭಾಗ ಈಗಲೂ ತಲೆಯಲ್ಲಿ ಕೊರೆಯುತ್ತದೆ.

ಮಾತ್ರೆಯ ಕೊರಿಯರ್ ಬಂದಿದ್ದು ಅದರ ಮರುದಿನ. ಡಾಕ್ಟರಮ್ಮನಿಗೆ ಫೋನ್ ಮಾಡಿದಾಗ, ಮೈಸೂರಿನಲ್ಲಿ ಒಂಬತ್ತು ತಿಂಗಳ ಹೆಣ್ಣುಬೆಕ್ಕೊಂದಕ್ಕೆ ಇದೇ ಕಾಯಿಲೆ, ಬೇಗನೇ ಪತ್ತೆಯಾಗಿದೆ ಅಂದರು. ಸೀಲ್ ಒಡೆಯದ ಪ್ಯಾಕೆಟ್ಟನ್ನು ಅವರ ಮೂಲಕವೇ ಅಲ್ಲಿಗೆ ಕಳಿಸಿದೆವು. ಆ ಮನೆಯವರು ಪ್ರತಿ ಭಾನುವಾರ ತೂಕ ಬರೆದು ಮೆಸೇಜ್ ಹಾಕುತ್ತಾರೆ. ನಿನ್ನೆ 41ನೇ ದಿನ. 2.9 ಕೆಜಿ, ಬೆನ್ನುಮೂಳೆ ಕೈಗೆ ಸಿಗುತ್ತಿಲ್ಲವಂತೆ.