ಖಡಕವಾಸಲಾ ಅಥವಾ ಉಜನಿ: ಪುಣೆಯಿಂದ ಯಾವುದಕ್ಕೆ ಹೋಗೋದು?

ಅರ್ಧ ದಿನ ಮಾತ್ರ ಕೈಲಿದ್ದರೆ ಖಡಕವಾಸಲಾ ಅಣೆಕಟ್ಟೆ. ಊರಿಂದ ಸುಮಾರು 20 ಕಿ.ಮೀ., ಮಳೆಗಾಲದಲ್ಲಿ ತುಂಬಿದ ಕೆರೆ, ದಡದಲ್ಲಿ ಸುಟ್ಟ ಜೋಳ, ಬಿಸಿ ಕಾಂದಾ ಭಜಿ. ಭಾನುವಾರ ಸಂಜೆ ಮಾತ್ರ ಬೇಡ, ಸಿಂಹಗಡ ರಸ್ತೆ ಜಾಮ್ ಆಗಿರುತ್ತೆ. ನೀರಿಗಂತೂ ಇಳಿಯಲೇಬೇಡಿ.

ಹಕ್ಕಿ ನೋಡೋ ಆಸೆಯಿದ್ದರೆ ಉಜನಿ ಅಣೆಕಟ್ಟೆಯ ಹಿನ್ನೀರು, ಅಂದರೆ ಭಿಗವಣ. ಸೋಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ಚಳಿಗಾಲ ಕಳೆಯುತ್ತಾ ನೀರು ಇಳಿದು ಕೆಸರು ನೆಲ ಮೇಲೆ ಕಂಡಾಗ ರಾಜಹಂಸಗಳು ಬರುತ್ತವೆ. ಬೆಳಗಿನ ಜಾವವೇ ಕುಂಭಾರಗಾವ್ ತಲುಪಿ, ಮೀನುಗಾರರ ದೋಣಿ ಹತ್ತಿ. ರಾಜಹಂಸಗಳು ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಕೆಸರು ನೀರು ಸೋಸಿ ತಿನ್ನೋದು ಕಾಣುತ್ತೆ. ಹತ್ತಿರ ಒಯ್ಯಿ ಅಂತ ಅಂಬಿಗರನ್ನು ಪೀಡಿಸಬೇಡಿ, ಹಕ್ಕಿ ಬೆದರಿ ಏಳುತ್ತವೆ.

ಪ್ರವಾಹದ ಲೆಕ್ಕದಲ್ಲಿ ಎರಡಕ್ಕೂ ಅಜಗಜಾಂತರ. ಖಡಕವಾಸಲಾ ಹಿಡಿಯೋದು ಸುಮಾರು 2 ಟಿಎಂಸಿ. ಜೋರು ಮಳೆಗೆ ಬೇಗ ತುಂಬಿ ಬಾಗಿಲು ತೆರೆಯುತ್ತಾರೆ, ಊರೊಳಗೆ ಭಿಡೆ ಸೇತುವೆ ಮುಳುಗುತ್ತೆ. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟೆ ಒಡೆದಾಗ ಇದೂ ತಡೆಯಲಿಲ್ಲ, ಪುಣೆ ಮುಳುಗಿತು. ಉಜನಿಯದು ಸುಮಾರು 117 ಟಿಎಂಸಿ. ಖಡಕವಾಸಲಾದ ಮುಠಾ ನದಿಯ ನೀರೂ ಕೊನೆಗೆ ಭೀಮೆ ಸೇರಿ ಅಲ್ಲಿಗೇ ಬರುತ್ತೆ. ಅಲ್ಲಿಂದ ಬಿಟ್ಟರೆ ನಮ್ಮ ಇಂಡಿ, ಅಫಜಲಪುರದ ಹೊಲಗಳಿಗೆ ಭಯ.

ನನ್ನನ್ನು ಕೇಳಿದರೆ, ಮಕ್ಕಳಿದ್ದರೆ ಫೆಬ್ರವರಿಯಲ್ಲಿ ಭಿಗವಣಕ್ಕೇ ಹೋಗಿ. ಕಲಬುರಗಿ ಕಡೆಯವರಾದರೆ ಊರಿಗೆ ಹೋಗೋ ದಾರಿಯಲ್ಲೇ ಸಿಗುತ್ತೆ.