ರಿವಾಲ್ವರ್ ಗ್ರಿಪ್: ಕಾಯುವುದಾದರೆ ಯಾರನ್ನು ನಂಬಿ ಕಾಯಬೇಕು?

ರಿವಾಲ್ವರ್ ಕೊಂಡವರು ಸಾಮಾನ್ಯವಾಗಿ ಮೊದಲು ಬದಲಿಸುವುದು ಗ್ರಿಪ್ಪನ್ನೇ, ಅಂದರೆ ಹಿಡಿಯ ಉಕ್ಕಿಗೆ ತೊಡಿಸುವ ಮರದ ಅಥವಾ ರಬ್ಬರಿನ ಭಾಗವನ್ನೇ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆಯಿದೆ. ಅಂಗಡಿಯ ಕಪಾಟಿನಲ್ಲಿ ನೇತಾಡುವ ರಬ್ಬರ್ ಗ್ರಿಪ್ಪಿನಿಂದ ಹಿಡಿದು, ಒಬ್ಬನೇ ಕುಶಲಕರ್ಮಿ ತನ್ನ ಶೆಡ್ಡಿನಲ್ಲಿ ಕೂತು ಉಜ್ಜಿ ಕೊಡುವ ಮರದ ಗ್ರಿಪ್ಪಿನವರೆಗೆ ಎಲ್ಲವೂ ಸಿಗುತ್ತವೆ. ಬೆಲೆಯ ಬಗ್ಗೆ, ಅಂದದ ಬಗ್ಗೆ ಬೇಕಾದಷ್ಟು ಬರಹಗಳಿವೆ. ಹಣ ಕಟ್ಟಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಗಡಿಯ ರಬ್ಬರ್, ಯಂತ್ರ ಕೊರೆದ ಮರ, ಕುಶಲಕರ್ಮಿಯ ಕೈಕೆಲಸ, ಸೆಕೆಂಡ್ ಹ್ಯಾಂಡ್: ಈ ನಾಲ್ಕೂ ದಾರಿಗಳನ್ನು ನಾನು ಸ್ವಂತ ದುಡ್ಡಿನಲ್ಲಿ ನೋಡಿದ್ದೇನೆ, ಅದಕ್ಕೇ ಈ ಹೋಲಿಕೆ.

ಮೊದಲು ನಮ್ಮ ಮನೆಯ ಬಂದೂಕುಗಳ ವಿಷಯ. ನಾನು ಕೊಡಗಿನಲ್ಲಿ ಬೆಳೆದವನು, ಕೋವಿ ನನಗೆ ಹೊಸತಲ್ಲ. ಆದರೆ ರಿವಾಲ್ವರ್ ಕೈಗೆ ಬಂದದ್ದು ಅಮೆರಿಕಕ್ಕೆ ಬಂದ ಮೇಲೆಯೇ. ನನ್ನದು ಹಳೆಯ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 19. ಕಂಪನಿ 1955ರಲ್ಲಿ 'ಕಾಂಬ್ಯಾಟ್ ಮ್ಯಾಗ್ನಮ್' ಎಂದು ಹೊರತಂದ ಮಾದರಿ, ಹಿಡಿಯ ಬುಡ ಚೌಕಾಕಾರದ್ದು, ಅಂದರೆ ಸ್ಕ್ವೇರ್ ಬಟ್. ನನ್ನ ಹೆಂಡತಿಯದು ಅದೇ ಕಂಪನಿಯ ಮಾಡೆಲ್ 686, ಬುಡ ದುಂಡಗಿನ ರೌಂಡ್ ಬಟ್. ಬಂದೂಕಿನ ಚೌಕಟ್ಟಿನ ಗಾತ್ರಕ್ಕೆ ಕಂಪನಿ ಕೊಡುವ ಹೆಸರಿನಲ್ಲಿ ಒಂದು ಕೆ-ಫ್ರೇಮ್, ಇನ್ನೊಂದು ಎಲ್-ಫ್ರೇಮ್. ಎರಡರ ಹಿಡಿಯ ಚೌಕಟ್ಟಿನ ಅಳತೆ ಒಂದೇ, ಆದರೆ ಬುಡದ ಆಕಾರ ಬೇರೆ. ಆರ್ಡರ್ ಮಾಡುವಾಗ ಎಡವಟ್ಟಾಗುವುದೆಲ್ಲ ಇಲ್ಲೇ. ನನಗೆ ಸಿಕ್ಕ ಬಂದೂಕಿಗೆ ಹಿಂದಿನ ಮಾಲೀಕರು ತೆಳುವಾದ ಮ್ಯಾಗ್ನಾ ಗ್ರಿಪ್ ಹಾಕಿದ್ದರು. ನೋಡಲು ಚೆಂದ. ಆದರೆ ಟ್ರಿಗರ್ ಸುತ್ತಲಿನ ಉಕ್ಕಿನ ಬಳೆಯ, ಅಂದರೆ ಟ್ರಿಗರ್ ಗಾರ್ಡಿನ, ಹಿಂದಿನ ಜಾಗ ಖಾಲಿ ಇರುವುದರಿಂದ .357 ಮ್ಯಾಗ್ನಮ್ ಎಂಬ ಬಲವಾದ ತೋಟಾ ಹಾರಿಸಿದಾಗಲೆಲ್ಲ ಗಾರ್ಡಿನ ಹಿಂಬದಿ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಒಂದು ಡಬ್ಬಿ ತೋಟಾ ಮುಗಿಯುವಷ್ಟರಲ್ಲಿ ಬೆರಳು ಊದಿರುತ್ತದೆ.

ಮೊದಲನೆಯದು ರಬ್ಬರ್ ಗ್ರಿಪ್. ಹೋಗ್, ಪಾಕ್‌ಮೇಯರ್ ಎರಡೂ ದೊಡ್ಡ ಅಂಗಡಿಗಳಲ್ಲಿ ಸದಾ ಸಿಗುವಂಥವು, 30 ಡಾಲರ್ ಆಸುಪಾಸು. ಹೋಗ್ ಕಂಪನಿಯ ಮೊನೊಗ್ರಿಪ್ ಎರಡು ಹಲಗೆಗಳ ಜೋಡಿಯಲ್ಲ, ಒಂದೇ ತುಂಡು. ಚೌಕಟ್ಟಿನ ಕೆಳಗಿರುವ ಪಿನ್ನಿಗೆ ಒಂದು ಸಣ್ಣ ಕೊಂಡಿ ಸಿಕ್ಕಿಸಿ, ಗ್ರಿಪ್ಪನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ತಳದಿಂದ ಒಂದು ಸ್ಕ್ರೂ ಬಿಗಿದರೆ ಆಯಿತು. ಆರ್ಡರ್ ಮಾಡಿದ ದಿನವೇ ಟ್ರ್ಯಾಕಿಂಗ್ ನಂಬರ್ ಬಂತು, ವಾರದೊಳಗೆ ಪೆಟ್ಟಿಗೆ ಬಾಗಿಲಿಗೆ ಬಂತು, ಯಾರ ಜೊತೆಗೂ ಮಾತಾಡುವ ಅಗತ್ಯವೇ ಬರಲಿಲ್ಲ. ಗೆಣ್ಣಿನ ನೋವು ಅಲ್ಲಿಗೇ ನಿಂತಿತು. ಕೊರತೆಯೂ ಇದೆ. ರಬ್ಬರ್ ಚೌಕಟ್ಟಿನ ಹಿಂಬದಿಯನ್ನೂ ಮುಚ್ಚುವುದರಿಂದ ಅಂಗೈಯಿಂದ ಟ್ರಿಗರ್‌ಗೆ ದೂರ ಹೆಚ್ಚುತ್ತದೆ. ನನ್ನ ಹೆಂಡತಿಯ ಬೆರಳಿನ ತುದಿಯಷ್ಟೇ ಟ್ರಿಗರ್ ಮುಟ್ಟುತ್ತಿತ್ತು, ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಹ್ಯಾಮರ್ ಮೊದಲೇ ಹಿಂದಕ್ಕೆಳೆಯದೆ ಟ್ರಿಗರ್ ಒಂದನ್ನೇ, ಎಳೆದಾಗಲೆಲ್ಲ ಗುರಿ ಪಕ್ಕಕ್ಕೆ ಸರಿಯುತ್ತಿತ್ತು. ಅಂಗಿಯ ಬಟ್ಟೆಯೂ ರಬ್ಬರಿಗೆ ಅಂಟಿಕೊಳ್ಳುತ್ತದೆ.

ಈ ದೂರದ ಸಮಸ್ಯೆಗೆ ಹಿಂಬದಿ ತೆರೆದೇ ಇರುವ ಮರದ ಗ್ರಿಪ್ ಬೇಕು. ಅದಕ್ಕಾಗಿ ಎರಡನೆಯ ದಾರಿ: ಯಂತ್ರದಲ್ಲಿ ಮರ ಕೊರೆದು ಮಾರುವ ಮಧ್ಯಮ ಗಾತ್ರದ ಕಂಪನಿ. ಇಂಥವರ ಬಳಿ ಎರಡು ಬಗೆಯ ಮಾಲು ಇರುತ್ತದೆ. ಒಂದು ಸಿದ್ಧವಾಗಿ ಕಪಾಟಿನಲ್ಲಿರುವುದು, ಇನ್ನೊಂದು ಆರ್ಡರ್ ಬಂದ ಮೇಲೆ ಕೊರೆಯುವುದು. ನಾನು ಕೊಂಡ ಕಡೆ ಎರಡಕ್ಕೂ ಒಂದೇ ಬಟನ್ ಇತ್ತು. '4ರಿಂದ 6 ವಾರ' ಎಂಬ ಸಾಲು ಕಂಡದ್ದು ಹಣ ಕಟ್ಟಿದ ಮೇಲೆ ಬಂದ ರಸೀತಿಯಲ್ಲಿ. ಆ ವಾರಗಳು ಮುಗಿದ ಮೇಲೂ ಸುದ್ದಿಯಿಲ್ಲ. ವಿಚಾರಿಸಿದರೆ 'ನಿಮ್ಮ ಆರ್ಡರ್ ಉತ್ಪಾದನೆಯಲ್ಲಿದೆ' ಎಂಬ ಅದೇ ಸಿದ್ಧ ಉತ್ತರ, ಕೆಳಗೆ ಯಾರ ಹೆಸರೂ ಇಲ್ಲ. ಕೊನೆಗೆ ಬಂದ ಗ್ರಿಪ್ಪಿನ ಕೆಲಸ ಒಟ್ಟಾರೆ ಚೆನ್ನಾಗಿಯೇ ಇತ್ತು, ಆದರೆ ಬಲಗಡೆ ಮೇಲ್ತುದಿಯಲ್ಲಿ ಮರಕ್ಕೂ ಉಕ್ಕಿಗೂ ನಡುವೆ ಬೆಳಕು ಹಾಯುವಷ್ಟು ಸಂದು.

ಇದರಲ್ಲಿ ಪೂರ್ತಿ ತಪ್ಪು ಅವರದಲ್ಲ. ಹಳೆಯ ರಿವಾಲ್ವರ್‌ಗಳಿಗೆ ಕಾರ್ಖಾನೆಯಲ್ಲೇ ಒಂದೊಂದಕ್ಕೂ ಗ್ರಿಪ್ ಕೂರಿಸಿ ಉಜ್ಜುತ್ತಿದ್ದರು. ಹಲವು ಹಳೆಯ ಗ್ರಿಪ್ಪುಗಳ ಬಲ ಹಲಗೆಯ ಒಳಬದಿಯಲ್ಲಿ ಆ ಬಂದೂಕಿನದೇ ಸೀರಿಯಲ್ ನಂಬರ್ ಕಾಣುವುದು ಅದಕ್ಕೇ. ಒಂದೇ ಅಳತೆಯಲ್ಲಿ ಯಂತ್ರ ಕೊರೆದದ್ದು ಎಲ್ಲ ಚೌಕಟ್ಟಿಗೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರುವುದಿಲ್ಲ. ಇದನ್ನು ಆರ್ಡರ್ ಪುಟದಲ್ಲೇ ಬರೆದರೆ ಯಾರಿಗೂ ಬೇಸರವಿಲ್ಲ. ಫೋಟೊ ಕಳಿಸಿದಾಗ ವಾಪಸು ಪಡೆಯುವ ವಿಭಾಗದವರು ಮರುದಿನವೇ ಉತ್ತರಿಸಿ ಬೇರೆ ಜೋಡಿ ಕಳಿಸಿದರು ಎಂಬುದನ್ನೂ ಹೇಳಬೇಕು.

ಮೂರನೆಯದು ಒಬ್ಬಂಟಿ ಕುಶಲಕರ್ಮಿಗಳು. ಇಲ್ಲಿ ಇಬ್ಬರನ್ನು ಕಂಡೆ. ಈ ಹೋಲಿಕೆಯ ತಿರುಳು ಇವರಿಬ್ಬರ ನಡುವಿನ ವ್ಯತ್ಯಾಸವೇ.

ಮೊದಲನೆಯವರು ಪೂರ್ತಿ ಹಣ ಮೊದಲೇ ತೆಗೆದುಕೊಂಡರು. ಆರು ತಿಂಗಳು ಎಂದರು. ಹಣ ಹೋಗುವವರೆಗೆ ಪ್ರತಿ ಮೇಲ್‌ಗೂ ಉತ್ತರ ಬರುತ್ತಿತ್ತು. ಆಮೇಲೆ ಮೌನ. ಆರು ತಿಂಗಳು ಕಳೆಯಿತು, ಹಿಮ ಬಿದ್ದು ಕರಗಿತು. ಫೋನ್ ಮಾಡಿದರೆ ವಾಯ್ಸ್‌ಮೇಲ್ ತುಂಬಿದೆ ಎಂಬ ಧ್ವನಿ. ಒಮ್ಮೆ 'ಮುಂದಿನ ವಾರ ಕಳಿಸುತ್ತೇನೆ' ಎಂಬ ಒಂದೇ ಸಾಲಿನ ಮೇಲ್ ಬಂತು, ಆ ವಾರವೂ ಹೋಯಿತು. ಕೊನೆಗೆ ಗ್ರಿಪ್ ಬಂತು. ಮರದ ಎಳೆ ಎರಡೂ ಹಲಗೆಗಳಲ್ಲಿ ಕನ್ನಡಿ ಹಿಡಿದ ಹಾಗೆ ಹೊಂದುತ್ತಿತ್ತು, ಅಂಥ ಕೆಲಸ ನಾನು ಹೆಚ್ಚು ನೋಡಿಲ್ಲ. ಆದರೆ ಅದು ರೌಂಡ್ ಬಟ್‌ಗೆ ಕೊರೆದದ್ದು. ನಾನು ಸ್ಕ್ವೇರ್ ಬಟ್ ಎಂದು ಬರೆದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ಸಹ ಕಳಿಸಿದ್ದೆ. ಮರ ಕೊರೆಯುವ ಮುಂಚೆ ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಹೆಂಡತಿಯ 686ಕ್ಕೆ ಅದು ಕೂತಿತೇನೋ ನಿಜ, ಆದರೆ ದಪ್ಪವೆಲ್ಲ ನನ್ನ ಅಂಗೈಯ ಅಳತೆಯದು, ಅವಳ ಬೆರಳಿಗೆ ಮತ್ತೆ ಟ್ರಿಗರ್ ಎಟುಕಲಿಲ್ಲ. ಬದಲಿ ಕೇಳಿ ಬರೆದೆ. ಮತ್ತೆ ಮೌನ. ದೊಡ್ಡ ಕೈಯ ಗೆಳೆಯರೊಬ್ಬರಿಗೆ ಅದನ್ನು ಮಾರಿದೆ.

ಎರಡನೆಯವರು ಮೊದಲ ಮಾತಿನಲ್ಲೇ 'ವರ್ಷಕ್ಕಿಂತ ಹೆಚ್ಚಾಗುತ್ತದೆ, ಆಗುತ್ತದಾ ನೋಡಿ' ಎಂದರು. ಮುಂಗಡ ಬೇಡವೆಂದು ಹೆಸರನ್ನಷ್ಟೇ ಪಟ್ಟಿಗೆ ಸೇರಿಸಿಕೊಂಡರು. ಆಗಾಗ ಎರಡು ಸಾಲಿನ ಮೇಲ್ ಬರುತ್ತಿತ್ತು: ಪಟ್ಟಿಯಲ್ಲಿ ನಿಮ್ಮ ಮುಂದೆ ಇಷ್ಟು ಜನ ಇದ್ದಾರೆ, ಈ ತಿಂಗಳು ಕೈನೋವಿನಿಂದ ಕೆಲಸ ನಿಧಾನ, ಹೀಗೆ. ಸರದಿ ಬಂದಾಗ ಅವರೇ ಫೋನ್ ಮಾಡಿದರು. ಕಾಗದದ ಮೇಲೆ ಕೈಯ ಗೆರೆ ಎಳೆದು ಕಳಿಸಲು ಹೇಳಿದರು. ಹೆಬ್ಬೆರಳಿನ ಸಂದಿನಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟು, ಚಳಿಯಲ್ಲಿ ಗ್ಲೌಸ್ ಹಾಕುತ್ತೀರಾ, ಎಲ್ಲ ತೋಟಾಗಳನ್ನೂ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಯಾವುದು ಬಳಸುತ್ತೀರಿ, ಬುಡ ಚೌಕವೋ ದುಂಡೋ ಇನ್ನೊಮ್ಮೆ ಹೇಳಿ ಎಂದರು. ಎಲ್ಲವನ್ನೂ ಬರೆದು ನನಗೇ ವಾಪಸು ಕಳಿಸಿ, ಸರಿಯಿದೆ ಎಂದ ಮೇಲೆಯೇ ಹಣ ತೆಗೆದುಕೊಂಡರು. ಒಟ್ಟು ಕಾದದ್ದು ಮೊದಲನೆಯವರಿಗಿಂತ ಹೆಚ್ಚು. ಆದರೂ ಒಂದು ದಿನವೂ ಚಡಪಡಿಸಲಿಲ್ಲ.

ಆ ಗ್ರಿಪ್ ಈಗ ನನ್ನ ಮಾಡೆಲ್ 19ರ ಮೇಲಿದೆ. ಎಡ ಹಲಗೆಯ ಮೇಲ್ಭಾಗವನ್ನು ಸ್ಪೀಡ್‌ಲೋಡರ್‌ಗೆಂದು ತಗ್ಗಿಸಿದ್ದಾರೆ. ನಾನು ಬಳಸುವ ಎಚ್‌ಕೆಎಸ್ ಕಂಪನಿಯ ಲೋಡರಿನ ಅಂಚು ಮರಕ್ಕೆ ತಾಗದೆ ನೇರ ಒಳಗೆ ಹೋಗುತ್ತದೆ, ಆರು ತೋಟಾಗಳೂ ಒಟ್ಟಿಗೆ ಇಳಿಯುತ್ತವೆ. ಟ್ರಿಗರ್ ಗಾರ್ಡ್ ಹಿಂದಿನ ಸಂದು ಮರದಿಂದ ತುಂಬಿದೆ, ಹಿಂಬದಿಯ ಉಕ್ಕು ತೆರೆದಿದೆ. ಮ್ಯಾಗ್ನಮ್ ತೋಟಾ ಹಾರಿಸಿದರೆ ಒದೆತ ಇಡೀ ಅಂಗೈಗೆ ಹಂಚಿಹೋಗುತ್ತದೆ.

ಈ ಕುಶಲಕರ್ಮಿಗಳು ತಡಮಾಡಲು ನಿಜವಾದ ಕಾರಣಗಳಿವೆ. ಹಲವರು ವಯಸ್ಸಾದವರು, ಸಹಾಯಕರಿಲ್ಲ, ಕೈ ಜಾರದಿರಲೆಂದು ಮರದ ಮೇಲೆ ಕೊರೆಯುವ ಅಡ್ಡದಿಡ್ಡ ಚೆಕರಿಂಗ್ ಗೆರೆಗಳನ್ನು ಕೈಯಲ್ಲೇ ಎಳೆಯುತ್ತಾರೆ. ಮರ ಚೆನ್ನಾಗಿ ಒಣಗದೆ ಕೊರೆದರೆ ಆಮೇಲೆ ಸೊಟ್ಟಗಾಗುತ್ತದೆ. ಸಾಮಗ್ರಿಯದೂ ತೊಂದರೆ, ಅದರಲ್ಲಿ ನಮ್ಮೂರಿನ ಪಾಲೂ ಇದೆ. ಗ್ರಿಪ್ಪಿಗೆ ಬಹಳ ಬೇಡಿಕೆಯಿರುವ ಮರ ರೋಸ್‌ವುಡ್. ನಮ್ಮ ಬೀಟೆ ಅದೇ ಡಾಲ್ಬರ್ಜಿಯಾ ಕುಲದ್ದು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್. ಮೊದಲೇ ಅದರ ಒಂದನೇ ಪಟ್ಟಿಯಲ್ಲಿದ್ದ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಆ ಇಡೀ ಕುಲ 2017ರ ಜನವರಿ 2ರಿಂದ ಎರಡನೇ ಪಟ್ಟಿಯಡಿ ಬಂದಿದೆ, ಮರವನ್ನು ದೇಶದಿಂದ ದೇಶಕ್ಕೆ ಸಾಗಿಸಲು ಕಾಗದಪತ್ರ ಬೇಕು. ಕಡವೆ ಕೊಂಬಿನ ಗ್ರಿಪ್ಪಿಗೂ ಹಿಂದೆ ಭಾರತದಿಂದಲೇ ಕೊಂಬು ಹೋಗುತ್ತಿತ್ತು. 1990ರ ದಶಕದ ಕೊನೆಗೆ ಭಾರತ ಆ ರಫ್ತು ನಿಲ್ಲಿಸಿದ್ದರಿಂದ ಈಗ ಹಳೆಯ ದಾಸ್ತಾನಿನ ಕೊಂಬಿಗೆ ಬಂಗಾರದ ಬೆಲೆ. ಬೀಟೆಯೂ ಕಡವೆಯೂ ಕಾಡಿನಲ್ಲೇ ಉಳಿಯಲಿ, ನನಗೆ ವಾಲ್ನಟ್ ಸಾಕು. ವಾಲ್ನಟ್ ಎಂದ ಕೂಡಲೇ ಕಾಯುವ ಅವಧಿಯೂ ಕಡಿಮೆಯಾಗುತ್ತದೆ.

ನಾಲ್ಕನೆಯ ದಾರಿ ಗನ್ ಶೋ ಎಂಬ ಬಂದೂಕು ಸಂತೆಗಳಲ್ಲಿ, ಹಳೆಯ ಅಂಗಡಿಗಳ ಡಬ್ಬಿಗಳಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಗ್ರಿಪ್. ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಹಣ ಕೊಟ್ಟು ತರಬಹುದು. ಸ್ಕ್ರೂ ತೂತಿನ ಸುತ್ತ, ಕೆಳಗಿನ ಪಿನ್ ಕೂರುವ ಜಾಗದಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಸ್ಕ್ರೂ ಸುತ್ತ ವಜ್ರದ ಆಕಾರ ಬಿಟ್ಟಿರುವ ಸ್ಮಿತ್ ಆ್ಯಂಡ್ ವೆಸನ್‌ನ ಹಳೆಯ ಗ್ರಿಪ್ ಸಾಮಾನ್ಯವಾಗಿ 1968ಕ್ಕೂ ಹಿಂದಿನದು, ಸಂಗ್ರಹಕಾರರು ಅದಕ್ಕೆ ದುಬಾರಿ ಬೆಲೆ ಕೊಡುತ್ತಾರೆ. ರೇಂಜಿನಲ್ಲಿ ಹಾರಿಸುವವರಿಗೆ ಆ ವಜ್ರದಿಂದ ಪ್ರಯೋಜನವಿಲ್ಲ. ತೆಳುವಾದ ಮ್ಯಾಗ್ನಾ ಇಟ್ಟುಕೊಂಡೇ ಗೆಣ್ಣು ಉಳಿಸಿಕೊಳ್ಳಬೇಕೆಂದರೆ ಟೈಲರ್ ಟಿ-ಗ್ರಿಪ್‌ನಂಥ ಅಡಾಪ್ಟರ್ ಸಾಕು. ಟ್ರಿಗರ್ ಗಾರ್ಡ್ ಹಿಂದಿನ ಸಂದಿಗೆ ಕೂರುವ ಸಣ್ಣ ಲೋಹದ ತುಂಡು ಅದು. ಹೆಂಡತಿಗೆ ಸರಿಹೋದ ಗ್ರಿಪ್ ಸಿಕ್ಕಿದ್ದೂ ಇಂಥದೇ ಒಂದು ಡಬ್ಬಿಯಲ್ಲಿ, ಹಿಂಬದಿ ತೆರೆದಿದ್ದ, ಸವೆದ ಮರದ ಜೋಡಿ.

ಹಾಗಾಗಿ ನನ್ನ ಆಯ್ಕೆಯ ಕ್ರಮ ಹೀಗಿದೆ: ಕೈಗೆ ರಬ್ಬರ್ ಒಗ್ಗಿದರೆ ಅಲ್ಲಿಗೇ ನಿಲ್ಲಿಸಿ. ಒಗ್ಗದಿದ್ದರೆ ಸೆಕೆಂಡ್ ಹ್ಯಾಂಡ್ ಹುಡುಕಿ. ಯಂತ್ರದ ಮರವಾದರೆ 'ಈಗ ಕಪಾಟಿನಲ್ಲಿದೆಯೇ' ಎಂದು ಬರವಣಿಗೆಯಲ್ಲಿ ಕೇಳಿದ ಮೇಲೆಯೇ ಹಣ ಕಟ್ಟಿ. ಕುಶಲಕರ್ಮಿಯ ಬಳಿ ಹೋದರೆ ಮುಂಗಡ ಕೇಳದವರ ಪಟ್ಟಿಗೇ ಹೆಸರು ಬರೆಸಿ. ಬಂದೂಕಿನ ಮೇಲೆಯೇ ಗ್ರಿಪ್ ಕೂರಿಸಿ ಉಜ್ಜಬೇಕೆಂದರೆ ಮಾಡುವವರಿಗೆ ಫೆಡರಲ್ ಪರವಾನಗಿ ಇರಬೇಕು ಎಂಬುದು ನೆನಪಿರಲಿ. ಬರೀ ಗ್ರಿಪ್ ಆದರೆ ಸಾಮಾನ್ಯ ಅಂಚೆಯಲ್ಲೇ ಬರುತ್ತದೆ.

ಹಣದ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ, ಆದರೆ ಅದಕ್ಕೆ ಗಡುವುಗಳಿವೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಮಾರುವವರು ತಾವು ಹೇಳಿದ ಅವಧಿಯೊಳಗೆ ಮಾಲು ಕಳಿಸಬೇಕು. ಅವಧಿ ಹೇಳದಿದ್ದರೆ ಸಾಮಾನ್ಯವಾಗಿ 30 ದಿನ. ತಡವಾಗುವುದಾದರೆ ತಾವೇ ತಿಳಿಸಿ, ಬೇಡವೆಂದರೆ ಹಣ ವಾಪಸು ಪಡೆಯುವ ಅವಕಾಶ ನೀಡಬೇಕು. ಬರದ ಮಾಲಿಗೆ ಕ್ರೆಡಿಟ್ ಕಾರ್ಡ್ ಬಿಲ್ ಬಂದರೆ ಬಿಲ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಬರೆದು ತಕರಾರು ಹೂಡುವ ಹಕ್ಕಿದೆ, ಹಲವು ಬ್ಯಾಂಕುಗಳು ಇನ್ನೂ ಹೆಚ್ಚು ಸಮಯ ಕೊಡುತ್ತವೆ. ಪೇಪಾಲ್‌ನಲ್ಲಿ ಹಣ ಕಟ್ಟಿದ ದಿನದಿಂದ 180 ದಿನ. 'ಆರು ತಿಂಗಳು' ಎಂದು ಹೇಳಿ ಪೂರ್ತಿ ಹಣ ಮೊದಲೇ ಕೇಳುವವರ ಬಳಿ ಈ ಗಡುವುಗಳು ಗ್ರಿಪ್ ಬರುವ ಮುಂಚೆಯೇ ಮುಗಿದುಹೋಗಬಹುದು. ಪೇಪಾಲ್‌ನಲ್ಲಿ ಗೆಳೆಯರಿಗೆ, ಮನೆಯವರಿಗೆ ಹಣ ಕಳಿಸಲೆಂದಿರುವ 'ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ' ಲೆಕ್ಕದಲ್ಲಿ ಕಳಿಸಿದ ಹಣಕ್ಕಂತೂ ಆ ರಕ್ಷಣೆಯೇ ಇಲ್ಲ. ಹಾಗೆ ಕಳಿಸಿ ಎನ್ನುವವರ ಕೆಲಸ ಎಷ್ಟೇ ಚೆಂದವಿರಲಿ, ನಾನು ಆರ್ಡರ್ ಕೊಡುವುದಿಲ್ಲ.